ಇಳಿಜಾರು ಹೊಲದ ಮಣ್ಣು: ಮೇಲಿನವರ ನೀರು, ಕೆಳಗಿನವರ ಜಗಳ, ನಡುವೆ ಒಂದು ಸಮಮಟ್ಟದ ಗೆರೆ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)



ಮುಂಗಾರಿನ ಮೊದಲ ಜೋರು ಮಳೆ ಬಿದ್ದ ಮಾರನೇ ದಿನ ನಿಮ್ಮ ವಾಟ್ಸ್‌ಆಪ್ ಸ್ಟೇಟಸ್‌ಗಳನ್ನ ನೋಡಿ. ಊರಿನ ಹಳ್ಳ ತುಂಬಿ ಹರೀತಾ ಇರೋ ವಿಡಿಯೋ ಒಂದಾದ್ರೂ ಇದ್ದೇ ಇರುತ್ತೆ. ಹಿಂದೆ ಒಂದು ಹಾಡು, ಕೆಳಗೆ ಕೈ ಮುಗಿಯೋ ಇಮೋಜಿ. ನೀರು ಬಂತಲ್ಲಾ ಅನ್ನೋ ಖುಷಿ. ಖುಷಿ ಪಡೋದ್ರಲ್ಲಿ ತಪ್ಪೇನಿಲ್ಲ. ಆದ್ರೆ ಅದೇ ವಿಡಿಯೋವನ್ನ ಇನ್ನೊಂದು ಸಲ ನೋಡಿ. ಆ ನೀರಿನ ಬಣ್ಣ ಏನು? ಕೋಲಾರ, ತುಮಕೂರು, ಚಾಮರಾಜನಗರದ ಕಡೆಯವರಾದ್ರೆ ಕೆಂಪು. ವಿಜಯಪುರ, ಗದಗ ಕಡೆಯವರಾದ್ರೆ ಕಪ್ಪು ಮಿಶ್ರಿತ ಕಂದು. ಮಳೆ ನೀರಿಗೆ ಬಣ್ಣ ಇರೋದಿಲ್ಲ. ಆ ಬಣ್ಣ ಯಾರದೋ ಹೊಲದ್ದು. ನಿಮ್ಮ ಹೊಲದ್ದೂ ಇರಬಹುದು.

ಇವತ್ತು ಅದರ ಬಗ್ಗೆ ಮಾತಾಡೋಣ. ಇಳಿಜಾರು ಜಮೀನಲ್ಲಿ ಮಣ್ಣು ಕೊಚ್ಚಿ ಹೋಗದ ಹಾಗೆ ಬೇಸಾಯ ಮಾಡೋದು ಹೇಗೆ, ಗೊತ್ತಿದ್ದೂ ಯಾಕೆ ಅದು ಆಗ್ತಾ ಇಲ್ಲ, ಮತ್ತೆ ಬೆಂಗಳೂರಲ್ಲೋ ಮೈಸೂರಲ್ಲೋ ಕೆಲಸ ಮಾಡ್ತಾ ಊರಲ್ಲಿ ಒಂದೆರಡು ಎಕರೆ ಇಟ್ಕೊಂಡಿರೋ ನಿಮ್ಮಂಥವರು ಏನು ಮಾಡಬಹುದು. ಈ ಮೂರು ವಿಷಯ.

ಎಷ್ಟು ಮಣ್ಣು ಹೋಗುತ್ತೆ?

ಮೊದಲು ಒಂದು ಲೆಕ್ಕ. ಭಾರತದಲ್ಲಿ ಮಣ್ಣಿನ ಸವೆತದ ಬಗ್ಗೆ ಮಾತಾಡುವಾಗ ಇವತ್ತಿಗೂ ಎಲ್ಲರೂ ಹಿಡಿಯೋ ಒಂದು ಅಂದಾಜು ಇದೆ. 1983ರಲ್ಲಿ ಮಣ್ಣು ಸಂರಕ್ಷಣೆಯ ವಿಜ್ಞಾನಿಗಳು ಪ್ರಕಟಿಸಿದ್ದು. ದೇಶದ ಸರಾಸರಿ, ವರ್ಷಕ್ಕೆ ಒಂದು ಹೆಕ್ಟೇರಿಗೆ 16.4 ಟನ್. ಎಕರೆ ಲೆಕ್ಕಕ್ಕೆ ತಂದ್ರೆ ಸುಮಾರು ಆರೂವರೆ ಟನ್. ಅಂದ್ರೆ ಎಕರೆಗೆ ಸುಮಾರು ಎರಡು ಟ್ರ್ಯಾಕ್ಟರ್ ಟ್ರೇಲರ್ ಮಣ್ಣು, ಪ್ರತೀ ವರ್ಷ.

ರಾತ್ರಿ ಯಾರೋ ಬಂದು ನಿಮ್ಮ ಹೊಲದಿಂದ ಎರಡು ಲೋಡ್ ಮಣ್ಣು ತುಂಬ್ಕೊಂಡು ಹೋದ್ರೆ ಸುಮ್ನೆ ಇರ್ತೀರಾ? ಪೊಲೀಸ್ ಕಂಪ್ಲೇಂಟ್ ಆಗುತ್ತೆ. ಮಳೆ ತಗೊಂಡು ಹೋದ್ರೆ ಮಾತ್ರ ನಮ್ಮ ಗಮನಕ್ಕೇ ಬರಲ್ಲ. ಯಾಕಂದ್ರೆ ಆ ಎರಡು ಲೋಡನ್ನ ಇಡೀ ಎಕರೆಗೆ ಹರಡಿದ್ರೆ ದಪ್ಪ ಬರೋದು ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಒಂದು ರೂಪಾಯಿ ನಾಣ್ಯಕ್ಕಿಂತ ತೆಳು. ಹೊಲಕ್ಕೆ ದಿನಾ ಹೋಗೋ ರೈತನಿಗೂ ಅದು ಕಾಣಲ್ಲ. ಆದ್ರೆ ಇಪ್ಪತ್ತೈದು ವರ್ಷಕ್ಕೆ ಮೂರು ಸೆಂಟಿಮೀಟರ್. ಒಂದು ತಲೆಮಾರಿನಲ್ಲಿ ಒಂದಿಂಚಿಗಿಂತ ಜಾಸ್ತಿ. ಅಷ್ಟು ಮಣ್ಣು ಕಲ್ಲಿನಿಂದ ಹುಟ್ಟೋದಕ್ಕೆ ನೂರಾರು ವರ್ಷ ಬೇಕು.

ಇದು ಸರಾಸರಿ ಮಾತ್ರ. ಸಮತಟ್ಟು ಗದ್ದೆಯಲ್ಲಿ ಇಷ್ಟು ಹೋಗಲ್ಲ, ಇಳಿಜಾರಲ್ಲಿ ಇದಕ್ಕಿಂತ ಬಹಳ ಹೆಚ್ಚು ಹೋಗುತ್ತೆ. ಇನ್ನೊಂದು ಮಾತು, ಮೊದಲು ಹೋಗೋದು ಮೇಲ್ಪದರ. ನೀವು ಹಾಕಿದ ಕೊಟ್ಟಿಗೆ ಗೊಬ್ಬರ, ಅಂಗಡಿಯಿಂದ ತಂದ ಡಿಎಪಿ, ಎರೆಹುಳು, ಸಾವಯವ ಅಂಶ, ಎಲ್ಲ ಇರೋದು ಆ ಪದರದಲ್ಲೇ. ಹೊಲದಲ್ಲಿ ಉಳಿಯೋದು ಗರಸು. "ಮೊದಲೆಲ್ಲಾ ಇಲ್ಲಿ ಇಷ್ಟೊಂದು ಕಲ್ಲು ಇರ್ಲಿಲ್ಲ, ಈಗ ಕಲ್ಲೇ ಬೆಳೀತಾ ಇದೆ" ಅಂತ ಹಿರಿಯರು ಹೇಳೋದನ್ನ ಕೇಳಿರ್ತೀರಿ. ಕಲ್ಲು ಬೆಳೆದಿಲ್ಲ. ಅದರ ಸುತ್ತ ಇದ್ದ ಮಣ್ಣು ಹೋಗಿದೆ.

ಹೋದದ್ದು ಎಲ್ಲಿ ಕೂರುತ್ತೆ? ಸ್ವಲ್ಪ ಕೆಳಗಿನ ಹೊಲದಲ್ಲಿ, ಸ್ವಲ್ಪ ಊರ ಕೆರೆಯಲ್ಲಿ, ಉಳಿದದ್ದು ನದಿ, ಅಣೆಕಟ್ಟು, ಸಮುದ್ರದಲ್ಲಿ. ಬೇಸಿಗೆಯಲ್ಲಿ ಕೆರೆಯ ಗೋಡು ಮಣ್ಣನ್ನ ದುಡ್ಡು ಕೊಟ್ಟು ಹೊಲಕ್ಕೆ ಹೊಡೆಸ್ತೀವಲ್ಲ, ಅದು ಬಹುಪಾಲು ನಮ್ಮದೇ ಹೊಲಗಳ ಹಳೇ ಮಣ್ಣು. ದೊಡ್ಡ ಮಟ್ಟದಲ್ಲಿ ನೋಡ್ಬೇಕಂದ್ರೆ ತುಂಗಭದ್ರಾ ಜಲಾಶಯ ನೋಡಿ. 1953ರ ಹೊತ್ತಿಗೆ ಕಟ್ಟಿದಾಗ ಸಾಮರ್ಥ್ಯ ಸುಮಾರು 133 ಟಿಎಂಸಿ. ಈಗ ಲೆಕ್ಕಕ್ಕೆ ಹಿಡಿಯೋದು ಹೆಚ್ಚುಕಮ್ಮಿ 105 ಟಿಎಂಸಿ. ಉಳಿದ ಜಾಗದಲ್ಲಿ ಹೂಳು ಕೂತಿದೆ. ಅದೆಲ್ಲಾ ಹೊಲದ ಮಣ್ಣೇ ಅಂತ ಹೇಳೋಕಾಗಲ್ಲ. ಆದ್ರೆ ಹೊಲದ ಪಾಲು ಅದರಲ್ಲಿ ಇದ್ದೇ ಇದೆ.

ಮಳೆಹನಿ ಮಾಡೋ ಕೆಲಸ

ಈಗ ಇದು ಹೇಗೆ ಆಗುತ್ತೆ ಅಂತ ನೋಡೋಣ. ಇದು ಗೊತ್ತಾದ್ರೆ ಪರಿಹಾರ ತಾನಾಗೇ ಅರ್ಥ ಆಗುತ್ತೆ.

ಶುರು ಆಗೋದು ಹರಿಯೋ ನೀರಿನಿಂದ ಅಲ್ಲ, ಬೀಳೋ ಹನಿಯಿಂದ. ದೊಡ್ಡ ಮಳೆಹನಿ ನೆಲಕ್ಕೆ ಬೀಳೋವಾಗ ಅದರ ವೇಗ ಗಂಟೆಗೆ ಸುಮಾರು 30 ಕಿಲೋಮೀಟರ್. ಬರೀ ನೆಲದ ಮೇಲೆ ಅದು ಬಿದ್ರೆ ಮಣ್ಣಿನ ಹೆಂಟೆ ಒಡೆದು, ಕಣಗಳು ಸಿಡಿಯುತ್ತವೆ. ಸುಣ್ಣ ಬಳಿದ ಗೋಡೆಯ ಬುಡದಲ್ಲಿ ಮಳೆಗಾಲ ಮುಗಿಯೋ ಹೊತ್ತಿಗೆ ಒಂದಡಿ ಎತ್ತರಕ್ಕೆ ಕೆಂಪು ಕಲೆ ಆಗಿರುತ್ತಲ್ಲ, ಅದೇ ಇದು. ಹಾಗೆ ಸಿಡಿದ ಸಣ್ಣ ಕಣಗಳು ಮಣ್ಣಿನ ರಂಧ್ರಗಳನ್ನ ಮುಚ್ಚುತ್ತವೆ. ಮೇಲೆ ಹಪ್ಪಳದಂಥ ಒಂದು ಪದರ ಕಟ್ಟುತ್ತೆ. ನೀರು ಇಂಗೋದು ನಿಲ್ಲುತ್ತೆ, ಹರಿಯೋದು ಶುರುವಾಗುತ್ತೆ.

ಹರಿಯೋ ನೀರಿಗೆ ಇಳಿಜಾರು ಸಿಕ್ಕರೆ ವೇಗ ಬರುತ್ತೆ. ವೇಗ ಎರಡು ಪಟ್ಟಾದ್ರೆ ಮಣ್ಣು ಕೊರೆಯೋ ಶಕ್ತಿ ಸುಮಾರು ನಾಲ್ಕು ಪಟ್ಟಾಗುತ್ತೆ. ಇಳಿಜಾರು ಎಷ್ಟು ಕಡಿದಾಗಿದೆ ಅನ್ನೋದರ ಜೊತೆ ಎಷ್ಟು ಉದ್ದ ಇದೆ ಅನ್ನೋದೂ ಮುಖ್ಯ. ತಡೆ ಇಲ್ಲದೆ ನೀರು 300 ಅಡಿ ಓಡಿದ್ರೆ ಕೆಳಗೆ ಬರೋ ಹೊತ್ತಿಗೆ ಅದು ಗೀರು ಮಾಡಿರುತ್ತೆ. ಗೀರು ಮುಂದಿನ ವರ್ಷ ಕಾಲುವೆ. ನಾಲ್ಕು ವರ್ಷ ಬಿಟ್ರೆ ಟ್ರ್ಯಾಕ್ಟರ್ ದಾಟದ ಕೊರಕಲು.

ಹಾಗಾಗಿ ಇಳಿಜಾರಿನ ಬೇಸಾಯದ ಉಪಾಯಗಳೆಲ್ಲಾ ಮೂರೇ ಕೆಲಸ ಮಾಡೋದು. ಹನಿ ನೇರವಾಗಿ ಮಣ್ಣಿಗೆ ಬಡಿಯದ ಹಾಗೆ ಮುಚ್ಚೋದು. ನೀರಿನ ವೇಗ ಮುರಿಯೋದು. ಇಳಿಜಾರಿನ ಉದ್ದವನ್ನ ತುಂಡು ಮಾಡೋದು.

ಸಮಮಟ್ಟದ ಗೆರೆ ಹಾಕೋದು ಹೇಗೆ?

ಎಲ್ಲಕ್ಕೂ ಬುನಾದಿ ಅಂದ್ರೆ ಸಮಮಟ್ಟದ ಗೆರೆ. ಇಳಿಜಾರಿಗೆ ಅಡ್ಡಲಾಗಿ, ಒಂದೇ ಎತ್ತರದಲ್ಲಿ ಇರೋ ಜಾಗಗಳನ್ನ ಸೇರಿಸೋ ಗೆರೆ. ಇದು ನೇರ ಇರಲ್ಲ, ನೆಲ ಹೇಗಿದೆಯೋ ಹಾಗೆ ಬಳುಕುತ್ತೆ. ಈ ಗೆರೆಯ ಮೇಲೆ ಉತ್ತರೆ, ಬಿತ್ತಿದ್ರೆ, ಪ್ರತಿ ಸಾಲೂ ಒಂದು ಸಣ್ಣ ಕಟ್ಟೆ ಆಗುತ್ತೆ. ಎಕರೆಗೆ ನೂರಾರು ಸಣ್ಣ ಕಟ್ಟೆಗಳು, ಒಂದು ರೂಪಾಯಿ ಹೆಚ್ಚಿಗೆ ಖರ್ಚಿಲ್ಲದೆ. ಸಾಧಾರಣ ಇಳಿಜಾರಿನಲ್ಲಿ, ಅಂದ್ರೆ ನೂರಡಿಗೆ ಮೂರರಿಂದ ಎಂಟು ಅಡಿ ಇಳಿಯೋ ಕಡೆ, ಬರೀ ಅಡ್ಡ ಉಳುಮೆಯೇ ಸವೆತವನ್ನ ಸುಮಾರು ಅರ್ಧಕ್ಕೆ ಇಳಿಸುತ್ತೆ. ಅದೇ ಮೇಲಿಂದ ಕೆಳಕ್ಕೆ ಉತ್ತರೆ ಪ್ರತಿ ಸಾಲೂ ನೀರಿಗೆ ನಾವೇ ಮಾಡಿಕೊಟ್ಟ ಕಾಲುವೆ.

ಗೆರೆ ಹಾಕೋದಕ್ಕೆ ಇಂಜಿನಿಯರ್ ಬೇಕಾಗಿಲ್ಲ. ಇಂಗ್ಲಿಷಿನ ಎ ಅಕ್ಷರದ ಹಾಗಿರೋ ಒಂದು ಚೌಕಟ್ಟು ಸಾಕು. ಆರೇಳು ಅಡಿಯ ಎರಡು ಸಮ ಉದ್ದದ ಕೋಲುಗಳನ್ನ ಮೇಲೆ ಸೇರಿಸಿ ಕಟ್ಟಿ. ಕಾಲುಗಳನ್ನ ಅಗಲಿಸಿ, ನಡುವೆ ಒಂದು ಅಡ್ಡಪಟ್ಟಿ ಬಿಗಿಯಿರಿ. ತುದಿಯಿಂದ ದಾರ ಇಳಿಬಿಟ್ಟು ಕೆಳಗೆ ಒಂದು ಕಲ್ಲು ಕಟ್ಟಿ. ದಾರ ಅಡ್ಡಪಟ್ಟಿಗಿಂತ ಕೆಳಗೆ ಬರಬೇಕು. ಈಗ ನಿಲ್ಲಿಸಿ, ದಾರ ಪಟ್ಟಿಯನ್ನ ಎಲ್ಲಿ ದಾಟುತ್ತೋ ಅಲ್ಲಿ ಗುರುತು ಹಾಕಿ. ಎರಡು ಕಾಲುಗಳ ಜಾಗ ಅದಲು ಬದಲು ಮಾಡಿ ಇನ್ನೊಂದು ಗುರುತು ಹಾಕಿ. ಆ ಎರಡರ ಸರಿ ಮಧ್ಯವೇ ನಿಮ್ಮ ಮಟ್ಟ. ಹೊಲಕ್ಕೆ ಹೋಗಿ ಒಂದು ಕಾಲನ್ನ ಗೂಟದ ಹತ್ರ ಇಡಿ. ಇನ್ನೊಂದು ಕಾಲನ್ನ ಮೇಲೆ ಕೆಳಗೆ ಸರಿಸ್ತಾ ದಾರ ಮಧ್ಯಕ್ಕೆ ಬರೋ ಕಡೆ ನಿಲ್ಲಿಸಿ. ಅಲ್ಲೊಂದು ಗೂಟ. ಹೀಗೇ ಮುಂದೆ ಹೋಗೋದು. ಕೊನೆಗೆ ಗೂಟಗಳ ಸಾಲನ್ನ ನೋಡಿ ಅಂಕುಡೊಂಕನ್ನ ಸ್ವಲ್ಪ ತಿದ್ದಿಕೊಂಡ್ರೆ ಗೆರೆ ಸಿದ್ಧ.

"ಫೋನಲ್ಲೇ ಲೆವೆಲ್ ಆಪ್ ಇದೆಯಲ್ಲ, ಅದು ಆಗಲ್ವಾ?" ಅಂತ ಕೇಳ್ತೀರಿ. ಅರ್ಧ ಕೆಲಸಕ್ಕೆ ಆಗುತ್ತೆ. ಇಳಿಜಾರು ಎಷ್ಟಿದೆ ಅಂತ ಅಂದಾಜು ಮಾಡೋಕೆ ಅದು ಬಹಳ ಅನುಕೂಲ. ಉದ್ದನೆಯ ನೇರ ಹಲಗೆಯನ್ನ ಇಳಿಜಾರಿನ ದಿಕ್ಕಿಗೆ ಇಟ್ಟು ಅದರ ಮೇಲೆ ಫೋನ್ ಇಡಿ. ಒಂದು ಡಿಗ್ರಿ ಅಂದ್ರೆ ಸುಮಾರು ಶೇಕಡಾ 1.75 ಇಳಿಜಾರು. ಮೂರು ಡಿಗ್ರಿ ಅಂದ್ರೆ ಶೇಕಡಾ ಐದರ ಆಸುಪಾಸು. ಆದ್ರೆ ಸಮಮಟ್ಟದ ಗೆರೆ ಎಳೆಯೋಕೆ ಫೋನ್ ನಂಬಬೇಡಿ. ಅರ್ಧ ಡಿಗ್ರಿ ತಪ್ಪಿದ್ರೂ ನೂರಡಿಗೆ ಮುಕ್ಕಾಲು ಅಡಿಗಿಂತ ಹೆಚ್ಚು ವ್ಯತ್ಯಾಸ ಬರುತ್ತೆ. ಅಷ್ಟು ಸಾಕು, ನೀರು ಒಂದೇ ಕಡೆ ಸೇರಿ ಬದು ಒಡೆಯೋಕೆ. ಕೋಲು, ದಾರ, ಕಲ್ಲು, ಅಥವಾ ಗಾರೆ ಕೆಲಸದವರು ಬಳಸೋ ನೀರು ತುಂಬಿದ ಪಾರದರ್ಶಕ ಪೈಪು, ಇವೇ ಒಳ್ಳೆಯದು.

ಬದು, ಕೋಡಿ, ಕೆಂಪು ಮಣ್ಣು, ಕಪ್ಪು ಮಣ್ಣು

ಮುಂದಿನದು ಬದು. ಉತ್ತರ ಕರ್ನಾಟಕದವರು ಒಡ್ಡು ಅಂತೀರಿ. ಸರ್ಕಾರಗಳು ಇದನ್ನ ಬಹಳ ಹಿಂದೆಯೇ ಶುರು ಮಾಡಿವೆ. ವಿಜಯಪುರ, ಬೆಳಗಾವಿ, ಧಾರವಾಡ ಎಲ್ಲ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲಕ್ಕೆ, 1942ರಲ್ಲಿ, ಭೂ ಸುಧಾರಣಾ ಯೋಜನೆಗಳಿಗೆ ಅಂತಲೇ ಒಂದು ಕಾಯ್ದೆ ಬಂತು. ಬರಗಾಲದ ಸೀಮೆಯಲ್ಲಿ ದೊಡ್ಡ ಪ್ರಮಾಣದಲ್ಲಿ ಸಮಪಾತಳಿ ಒಡ್ಡು ಹಾಕಿಸಿದ್ರು. ಅಲ್ಲಿಂದ ಒಂದು ಪಾಠ ಕಲಿತಿದ್ದಾಯ್ತು. ಎಲ್ಲ ಮಣ್ಣಿಗೂ ಒಂದೇ ಬದು ಆಗಲ್ಲ.

ಕೆಂಪು ಮಣ್ಣಲ್ಲಿ ನೀರು ಬೇಗ ಇಂಗುತ್ತೆ. ಮಳೆ ಕಡಿಮೆ ಇರೋ ಕಡೆ ಸಮಮಟ್ಟದಲ್ಲೇ ಬದು ಹಾಕಿ ನೀರು ನಿಲ್ಲಿಸಬಹುದು. ಎರೆ ಮಣ್ಣು ಹಾಗಲ್ಲ. ಒದ್ದೆಯಾದ್ರೆ ನೀರು ಇಂಗೋದು ಬಹಳ ನಿಧಾನ, ಒಣಗಿದ್ರೆ ಬಿರುಕು. ಸಮಮಟ್ಟದ ಒಡ್ಡಿನ ಹಿಂದೆ ನೀರು ವಾರಗಟ್ಟಲೆ ನಿಂತು ಬೆಳೆ ಹಳದಿಯಾಗುತ್ತೆ, ಬಿರುಕಲ್ಲಿ ನೀರು ನುಗ್ಗಿ ಒಡ್ಡು ಒಡೆಯುತ್ತೆ. ಅದಕ್ಕೇ ಅಲ್ಲಿ ನೂರಡಿಗೆ ಮೂರ್ನಾಲ್ಕು ಇಂಚಿನಷ್ಟು ಅತಿ ಸಣ್ಣ ಓಟ ಕೊಟ್ಟು ಒಡ್ಡು ಹಾಕಿ, ಹೆಚ್ಚಾದ ನೀರನ್ನ ನಿಧಾನವಾಗಿ ಹುಲ್ಲು ಬೆಳೆದ ಕಾಲುವೆಗೆ ಬಿಡೋದು ಸರಿ.

ಎರಡರಲ್ಲೂ ಮರೀಬಾರದ್ದು ಕೋಡಿ. ಕೆರೆಗೆ ಕೋಡಿ ಇದ್ದ ಹಾಗೆ ಬದುವಿಗೂ ಕಲ್ಲು ಹಾಸಿದ ಒಂದು ಕೋಡಿ ಬೇಕು. ಜೆಸಿಬಿ ತಂದು ಎತ್ತರದ ಬದು ಹಾಕಿಸಿ, ಕೋಡಿ ಬಿಡದೆ ಹೋದ್ರೆ ಮೊದಲ ದೊಡ್ಡ ಮಳೆಗೆ ಅದು ಒಡೆಯುತ್ತೆ. ಒಡೆದ ಬದು ಬದುವೇ ಇಲ್ಲದ್ದಕ್ಕಿಂತ ಕೆಟ್ಟದ್ದು. ಯಾಕಂದ್ರೆ ಸೇರಿದ್ದ ನೀರೆಲ್ಲಾ ಒಂದೇ ಬಾಯಿಂದ ನುಗ್ಗುತ್ತೆ.

ಗುಂಡ್ಲುಪೇಟೆಯ ಹುಲ್ಲು

ಮಣ್ಣಿನ ಬದು ವರ್ಷ ವರ್ಷ ಸವೆಯುತ್ತೆ. ಅದಕ್ಕೆ ಜೀವಂತ ಬದು ಅನ್ನೋ ಉಪಾಯ ಇದೆ. ಇದರ ಕಥೆ ನಮ್ಮದೇ ಗುಂಡ್ಲುಪೇಟೆಗೆ ಬರುತ್ತೆ.

1980ರ ದಶಕದಲ್ಲಿ ವಿಶ್ವಬ್ಯಾಂಕಿನಲ್ಲಿ ಕೆಲಸ ಮಾಡ್ತಿದ್ದ ಜಾನ್ ಗ್ರೀನ್‌ಫೀಲ್ಡ್, ರಿಚರ್ಡ್ ಗ್ರಿಮ್‌ಶಾ ಅನ್ನೋ ಇಬ್ಬರು ಭಾರತದ ಜಲಾನಯನ ಯೋಜನೆಗಳಲ್ಲಿ ಲಾವಂಚದ ಬೇಲಿಯನ್ನ ಪ್ರಚಾರ ಮಾಡೋಕೆ ಶುರು ಮಾಡಿದ್ರು. ಗ್ರೀನ್‌ಫೀಲ್ಡ್ ಅದಕ್ಕೂ ಮುಂಚೆ ಫಿಜಿಯ ಕಬ್ಬಿನ ಇಳಿಜಾರುಗಳಲ್ಲಿ ಇದನ್ನ ಬಳಸಿ ನೋಡಿದ್ದವರು. ಇಲ್ಲಿ ನೋಡಿದ್ರೆ ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಹೊಲದ ಗಡಿಗೆ ಲಾವಂಚ ನೆಟ್ಟುಕೊಂಡೇ ಬಂದಿದ್ರು. ಯಾವ ಯೋಜನೆಯೂ ಇಲ್ಲದೆ, ಯಾರೂ ಹೇಳಿಕೊಡದೆ. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಲಾವಂಚದ ಬಗ್ಗೆ ತಂದ ಪುಸ್ತಕದಲ್ಲೂ ಕರ್ನಾಟಕದ ಈ ಬೇಲಿಗಳ ಪ್ರಸ್ತಾಪ ಇದೆ.

ಲಾವಂಚ ಅಂದ್ರೆ ನಮಗೆ ಗೊತ್ತಿರೋದು ಬೇರಿನ ಪರಿಮಳ. ಕುಡಿಯೋ ನೀರಿಗೆ ಹಾಕ್ತೀವಿ, ಸೋಪಲ್ಲಿ ಇರುತ್ತೆ. ಮಣ್ಣಿನ ಕೆಲಸಕ್ಕೆ ಅದರ ಗುಣ ಬೇರೆ. ಬೇರು ಅಕ್ಕಪಕ್ಕ ಹರಡಲ್ಲ, ನೇರ ಕೆಳಕ್ಕೆ ಹೋಗುತ್ತೆ, ಒಳ್ಳೆ ಮಣ್ಣಾದ್ರೆ ಹತ್ತು ಅಡಿಯವರೆಗೂ. ಹಾಗಾಗಿ ಪಕ್ಕದ ಬೆಳೆಗೆ ಪೈಪೋಟಿ ಕಡಿಮೆ. ಬೇಲಿಗೆ ಬಳಸೋ ದಕ್ಷಿಣ ಭಾರತದ ತಳಿ ಬೀಜದಿಂದ ಹಬ್ಬಿ ಕಳೆಯಾಗಲ್ಲ. ಬುಡ ಗಟ್ಟಿಯಾಗಿ ಒತ್ತೊತ್ತಾಗಿ ಬೆಳೆಯುತ್ತೆ. ನೀರು ಬಂದಾಗ ಅದನ್ನ ಪೂರ್ತಿ ತಡೆಯಲ್ಲ, ಸೋಸಿ ಬಿಡುತ್ತೆ. ನೀರು ಮುಂದಕ್ಕೆ, ಮಣ್ಣು ಹಿಂದಕ್ಕೆ. ವರ್ಷಗಳು ಕಳೆದ ಹಾಗೆ ಬೇಲಿಯ ಹಿಂದೆ ಮಣ್ಣು ಸೇರಿ ಹೊಲ ತಾನಾಗೇ ಮೆಟ್ಟಿಲಾಗುತ್ತೆ.

ನೆಡೋದು ಸುಲಭ. ಬುಡ ಸೀಳಿದ ಸಸಿಗಳನ್ನ ಸಮಮಟ್ಟದ ಗೆರೆ ಮೇಲೆ ನಾಲ್ಕರಿಂದ ಆರು ಇಂಚಿಗೊಂದರ ಹಾಗೆ ಒಂದೇ ಸಾಲಲ್ಲಿ, ಮಳೆಗಾಲದ ಶುರುವಿನಲ್ಲಿ. ಸತ್ತ ಕಡೆ ಮತ್ತೆ ನಾಟಿ ಮಾಡಲೇಬೇಕು. ಒಂದು ಸಂದು ಬಿಟ್ರೆ ನೀರೆಲ್ಲಾ ಅಲ್ಲೇ ನುಗ್ಗುತ್ತೆ. ಗಟ್ಟಿ ಬೇಲಿ ಆಗೋಕೆ ಎರಡು ಮೂರು ವರ್ಷ. ಎಷ್ಟು ದೂರಕ್ಕೊಂದು ಸಾಲು? ಆರಡಿ ಎತ್ತರ ಇಳಿದ ಕಡೆಗೊಂದು ಅಂತ ಇಟ್ಕೊಳ್ಳಿ. ಶೇಕಡಾ ಐದರ ಇಳಿಜಾರಲ್ಲಿ ಅದು 120 ಅಡಿಗೊಂದು ಸಾಲು. ಕಡಿದಾದಷ್ಟೂ ಹತ್ತಿರ ಬರುತ್ತೆ. ಎಳೆ ಎಲೆ ಕೊಯ್ದು ದನಕ್ಕೂ ಹಾಕಬಹುದು. ಬೇರಿಗೆ ಬೆಲೆ ಬಂತು ಅಂತ ಬೇಲಿಯನ್ನೇ ಅಗೆದು ಮಾರಿದ್ರೆ ಮಾತ್ರ ಎಲ್ಲಾ ಹೋಯ್ತು. ಲಾವಂಚ ಸಿಗದಿದ್ರೆ ಬದುವಿನ ಮೇಲೆ ಮೇವಿನ ಹುಲ್ಲು, ಗ್ಲಿರಿಸಿಡಿಯಾ ಅಂದ್ರೆ ಗೊಬ್ಬರದ ಗಿಡ, ಹೊಂಗೆ ಹಾಕಬಹುದು. ಸೊಪ್ಪೂ ಸಿಗುತ್ತೆ.

ನೆಲ ಬರಿದಾಗಿ ಬಿಡಬೇಡಿ

ಈಗ ಹನಿಯ ವಿಷಯಕ್ಕೆ ಬರೋಣ. ಬದು ಎಷ್ಟೇ ಚೆನ್ನಾಗಿದ್ರೂ ಬದುವಿಂದ ಬದುವಿಗೆ ನಡುವಿನ ನೆಲ ಬರಿದಾಗಿದ್ರೆ ಅಲ್ಲೇ ಮಣ್ಣು ಸಿಡಿಯುತ್ತೆ. ನೆಲ ಮುಚ್ಚಬೇಕು.

ನಮ್ಮ ಹಳೇ ಮೈಸೂರಿನ ಅಕ್ಕಡಿ ಸಾಲು ಇದಕ್ಕೆ ಒಳ್ಳೆ ಉದಾಹರಣೆ. ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳ, ಸಾಸಿವೆ. ಒಂದು ಕೊಯ್ಲಾದಾಗ ಇನ್ನೊಂದು ನೆಲದ ಮೇಲೆ ಇರುತ್ತೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶಿಫಾರಸಿನಲ್ಲೂ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಅನ್ನೋ ಪದ್ಧತಿ ಇದೆ. ಆ ಜೋಡಿ ಸಾಲಿನ ನಡುವೆ ಒಂದು ಸಣ್ಣ ಕಾಲುವೆ ತೆಗೆದ್ರೆ ನೀರು ಅಲ್ಲೇ ನಿಂತು ಇಂಗುತ್ತೆ. ಇದೆಲ್ಲಾ ಇಳಿಜಾರಿಗೆ ಅಡ್ಡ ಬಿತ್ತಿದ್ರೆ ಮಾತ್ರ.

ಇನ್ನು ಹೊದಿಕೆ. ಕೊಯ್ಲಾದ ಮೇಲೆ ಕೂಳೆ, ಕಸ, ತೆಂಗಿನ ಗರಿ, ದರಗು ಇವಕ್ಕೆ ಬೆಂಕಿ ಹಾಕಬೇಡಿ, ನೆಲದ ಮೇಲೆ ಬಿಡಿ. ಉತ್ತರ ಕನ್ನಡದ ಅಡಿಕೆ ತೋಟದವರು ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಗು ತಂದು ಹಾಸೋದು ಗೊಬ್ಬರಕ್ಕೆ ಮಾತ್ರ ಅಲ್ಲ. ಅಲ್ಲಿನ ಮಳೆಯಲ್ಲಿ ಆ ಹಾಸು ಇಲ್ಲದಿದ್ರೆ ತೋಟದ ಮಣ್ಣು ಉಳಿಯಲ್ಲ.

ಕಾಫಿ ಸೀಮೆಯಲ್ಲಿ ಇಳಿಜಾರಿಗೆ ಅಡ್ಡಲಾಗಿ ಗಿಡಗಳ ನಡುವೆ ತೊಟ್ಟಿಲು ಗುಂಡಿ ತೆಗೀತಾರೆ. ಹರಿದು ಬಂದ ಮಣ್ಣು, ಎಲೆ ಅದರಲ್ಲಿ ಬಿದ್ದು ಗೊಬ್ಬರ ಆಗುತ್ತೆ. ಆದ್ರೆ ಒಂದು ಎಚ್ಚರಿಕೆ ಹೇಳಲೇಬೇಕು. 2018, 2019ರಲ್ಲಿ ಕೊಡಗಿನಲ್ಲಿ ಆದ ಭೂಕುಸಿತಗಳು ನಿಮಗೆ ನೆನಪಿರುತ್ತವೆ. ಸವೆತ ಬೇರೆ, ಕುಸಿತ ಬೇರೆ. ಸವೆತದಲ್ಲಿ ಮೇಲ್ಪದರ ಹೋಗುತ್ತೆ. ಕುಸಿತದಲ್ಲಿ ನೀರು ಕುಡಿದು ಭಾರವಾದ ಇಡೀ ಗುಡ್ಡವೇ ಜಾರುತ್ತೆ. ಬಯಲು ಸೀಮೆಯಲ್ಲಿ ನೀರು ಇಂಗಿಸಿ ಅನ್ನೋದು ಒಳ್ಳೆ ಮಾತು. ಅತಿ ಕಡಿದಾದ, ಆಳದ ಮಣ್ಣಿರೋ, ಭಾರೀ ಮಳೆಯ ಗುಡ್ಡದಲ್ಲಿ ಅದೇ ಮಾತನ್ನ ಕಣ್ಣು ಮುಚ್ಚಿ ಪಾಲಿಸಿದ್ರೆ ಅಪಾಯ. ಅಲ್ಲಿ ನೀರನ್ನ ಸುರಕ್ಷಿತವಾಗಿ ಹೊರಗೆ ಬಿಡೋದೇ ಮೊದಲ ಕೆಲಸ. ಯೂಟ್ಯೂಬಲ್ಲಿ ಒಂದು ಇಂಗುಗುಂಡಿ ವಿಡಿಯೋ ನೋಡಿ ಎಲ್ಲ ಕಡೆಗೂ ಅದನ್ನೇ ಮಾಡಬೇಡಿ.

ಗೊತ್ತಿದ್ದೂ ಯಾಕೆ ಆಗ್ತಿಲ್ಲ?

ಇಲ್ಲಿಗೆ ನಿಜವಾದ ಪ್ರಶ್ನೆ ಬರುತ್ತೆ. ಅಡ್ಡ ಉಳುಮೆ ಒಳ್ಳೇದು ಅಂತ ಯಾವ ರೈತನಿಗೆ ಗೊತ್ತಿಲ್ಲ? ಎಲ್ಲರಿಗೂ ಗೊತ್ತು. ಹಾಗಿದ್ರೂ ಬಸ್ಸಲ್ಲಿ ಹೋಗ್ತಾ ಕಿಟಕಿಯಿಂದ ನೋಡಿ, ಎಷ್ಟೋ ಹೊಲಗಳಲ್ಲಿ ಸಾಲುಗಳು ಮೇಲಿಂದ ಕೆಳಕ್ಕೇ ಇರುತ್ತವೆ. ಯಾಕೆ?

ನನ್ನ ಪ್ರಕಾರ ಮೊದಲ ಕಾರಣ ಪಾಲು. ಇಳಿಜಾರು ಜಮೀನಲ್ಲಿ ಮೇಲಿನ ಭಾಗ ಗರಸು, ಹಳ್ಳದ ಕಡೆಯ ಕೆಳಭಾಗ ಫಲವತ್ತು. ಮೂರು ಜನ ಅಣ್ಣತಮ್ಮಂದಿರು ಪಾಲಾದಾಗ ಒಬ್ಬರಿಗೆ ಮೇಲು, ಒಬ್ಬರಿಗೆ ಕೆಳಗು ಅಂದ್ರೆ ನ್ಯಾಯ ಆಗಲ್ಲ. ಅದಕ್ಕೇ ಪಂಚಾಯ್ತಿಯಲ್ಲಿ ಕೂತ ಹಿರಿಯರು ಮೇಲಿಂದ ಕೆಳಗಿನವರೆಗೆ ಉದ್ದುದ್ದ ಪಟ್ಟಿ ಮಾಡಿ ಹಂಚ್ತಾರೆ. ಮನುಷ್ಯರ ಮಟ್ಟಿಗೆ ಅದು ಸರಿಯಾದ ನ್ಯಾಯ. ನಮ್ಮ ಮನೆಯ ಜಮೀನೂ ಹಾಗೇ ಪಾಲಾದದ್ದು. ಮಣ್ಣಿನ ಮಟ್ಟಿಗೆ ನೋಡಿದ್ರೆ, 40 ಅಡಿ ಅಗಲ, 600 ಅಡಿ ಉದ್ದದ ಒಂದು ಪಟ್ಟಿ ಉಳಿಯುತ್ತೆ. ಲೆಕ್ಕಕ್ಕೆ 22 ಗುಂಟೆ. ಎತ್ತು ಇದ್ದಾಗ 40 ಅಡಿಗೆ ತಿರುಗಿಸೋದು ಕಷ್ಟ ಇರ್ಲಿಲ್ಲ. ಟ್ರ್ಯಾಕ್ಟರ್‌ಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ. ಅಡ್ಡ ಹೊಡೆದ್ರೆ ಅರ್ಧ ಸಮಯ ತಿರುಗೋದ್ರಲ್ಲೇ ಹೋಗುತ್ತೆ. ಡ್ರೈವರ್ ಒಪ್ಪಲ್ಲ, ಒಪ್ಪಿದ್ರೆ ದುಡ್ಡು ಜಾಸ್ತಿ. ಆದ್ದರಿಂದ ಉದ್ದಕ್ಕೇ ಉಳುಮೆ. ಇದರಲ್ಲಿ ರೈತನ ಅಜ್ಞಾನ ಏನೂ ಇಲ್ಲ.

ಎರಡನೇ ಕಾರಣ, ಉಳೋರು ಯಾರು ಅನ್ನೋದು. ನಾವು ಊರು ಬಿಟ್ಟು ಬಂದಿದ್ದೀವಿ. ಜಮೀನು ಯಾರೋ ವಾರಕ್ಕೋ ಗುತ್ತಿಗೆಗೋ ಮಾಡ್ತಾ ಇದ್ದಾರೆ. ಕರ್ನಾಟಕದ ಭೂಸುಧಾರಣಾ ಕಾಯ್ದೆಯಲ್ಲಿ ಕೃಷಿ ಜಮೀನು ಗೇಣಿಗೆ ಕೊಡೋದಕ್ಕೆ ನಿರ್ಬಂಧ ಇರೋದ್ರಿಂದ ಬಹಳಷ್ಟು ಕಡೆ ಎಲ್ಲಾ ಬಾಯಿಮಾತೇ. ಮುಂದಿನ ವರ್ಷ ತನ್ನ ಕೈಯಲ್ಲಿ ಇರುತ್ತೋ ಇಲ್ವೋ ಗೊತ್ತಿಲ್ಲದ ಹೊಲಕ್ಕೆ ಅವರು ಬದು ಯಾಕೆ ಹಾಕ್ತಾರೆ, ಲಾವಂಚ ಯಾಕೆ ನೆಡ್ತಾರೆ?

ಶುಂಠಿಯಲ್ಲಿ ಇದು ಎದ್ದು ಕಾಣುತ್ತೆ. ಹಾಸನ, ಮೈಸೂರು, ಕೊಡಗಿನ ಕಡೆ ಒಂದು ಬೆಳೆಗೆ ಅಂತ ಜಮೀನು ಹಿಡೀತಾರೆ. ಶುಂಠಿಗೆ ನೀರು ನಿಂತ್ರೆ ಕೊಳೆ ರೋಗ, ಅದಕ್ಕೆ ಏರುಮಡಿ ಮಾಡಿ ಇಳಿಜಾರಿನ ದಿಕ್ಕಿಗೇ ಚರಂಡಿ ಬಿಡ್ತಾರೆ. ಬೆಳೆ ಉಳಿಯುತ್ತೆ, ಮಣ್ಣು ಹೋಗುತ್ತೆ. ಮಡಿಗಳನ್ನ ಅಡ್ಡಲಾಗಿ, ಸ್ವಲ್ಪವೇ ಓಟ ಕೊಟ್ಟು ಮಾಡಿ, ಚರಂಡಿ ನೀರನ್ನ ಹುಲ್ಲಿನ ಕಾಲುವೆಗೆ ಬಿಟ್ಟು, ಮೇಲೆ ಸೊಪ್ಪು ಹಾಸಿದ್ರೆ ಎರಡೂ ಉಳಿಯುತ್ತೆ. ಆದ್ರೆ ಅದಕ್ಕೆ ಯಾರಾದ್ರೂ ಒಬ್ಬರು ಮುಂದಿನ ವರ್ಷದ ಬಗ್ಗೆ ಯೋಚನೆ ಮಾಡಬೇಕು. ಆ ಒಬ್ಬರು ಜಮೀನಿನ ಮಾಲೀಕರು. ಅಂದ್ರೆ ನೀವು.

ಮೂರನೇದು ನೆರೆಹೊರೆ. ಮೇಲಿನ ಹೊಲದವರು ನೀರು ಬಿಡ್ತಾರೆ, ಕೆಳಗಿನವರು ಬದು ಎತ್ತರಿಸ್ತಾರೆ, ನೀರು ಮೂರನೆಯವರ ಹೊಲಕ್ಕೆ ತಿರುಗುತ್ತೆ. ಬದು ಒತ್ತಿದ್ರು, ಬದು ಕಡಿದ್ರು ಅಂತ ಮಾತು ಬಿಟ್ಟ ಮನೆಗಳು ಪ್ರತಿ ಊರಲ್ಲೂ ಇವೆ. ನೀರಿಗೆ ಸರ್ವೆ ನಂಬರ್ ಗೊತ್ತಿಲ್ಲ, ಅದು ಗುಡ್ಡದ ನೆತ್ತಿಯಿಂದ ಹಳ್ಳದವರೆಗೆ ಒಂದೇ ಇಳಿಜಾರು ಅಂತ ನೋಡುತ್ತೆ. 2001ರಲ್ಲಿ ಶುರುವಾದ ಸುಜಲ ಜಲಾನಯನ ಯೋಜನೆ ಕೋಲಾರ, ತುಮಕೂರು, ಚಿತ್ರದುರ್ಗ, ಧಾರವಾಡ, ಹಾವೇರಿಗಳಲ್ಲಿ ಈ ಕಾರಣಕ್ಕೇ ಒಬ್ಬೊಬ್ಬ ರೈತನ ಬದಲು ಇಡೀ ಕಿರು ಜಲಾನಯನವನ್ನ, ಅಲ್ಲಿನ ಎಲ್ಲ ಮನೆಗಳನ್ನ ಒಟ್ಟಿಗೆ ಸೇರಿಸಿ ಕೆಲಸ ಮಾಡಿದ್ದು.

ನೀವು ಏನು ಮಾಡಬಹುದು?

ಹಾಗಾದ್ರೆ ಈಗ ಏನು ಮಾಡೋದು? ಊರಿಗೆ ವಾಪಸ್ ಹೋಗಿ ಕೃಷಿ ಮಾಡಿ ಅಂತ ನಾನು ಹೇಳ್ತಾ ಇಲ್ಲ. ನಾಲ್ಕು ಸಣ್ಣ ಕೆಲಸ ಹೇಳ್ತೀನಿ.

ಒಂದು, ಮುಂದಿನ ಸಲ ಊರಿಗೆ ಹೋದಾಗ, ಮಳೆ ಬರ್ತಾ ಇರುವಾಗಲೇ ಕೊಡೆ ಹಿಡ್ಕೊಂಡು ಹೊಲಕ್ಕೆ ಹೋಗಿ. ನೀರು ಎಲ್ಲಿಂದ ಒಳಗೆ ಬರುತ್ತೆ, ಎಲ್ಲಿ ಸೇರುತ್ತೆ, ಎಲ್ಲಿ ಹೊರಗೆ ಹೋಗುತ್ತೆ, ಫೋನಲ್ಲಿ ವಿಡಿಯೋ ಮಾಡಿ. ಬಿಸಿಲಲ್ಲಿ ಹತ್ತು ಸಲ ನೋಡಿದ್ರೂ ಗೊತ್ತಾಗದ್ದು ಮಳೆಯಲ್ಲಿ ಹತ್ತು ನಿಮಿಷಕ್ಕೆ ಗೊತ್ತಾಗುತ್ತೆ. ಸಿಡಿಲು ಇದ್ರೆ ಮಾತ್ರ ಹೋಗಬೇಡಿ.

ಎರಡು, ಆ ವಿಡಿಯೋ ಇಟ್ಕೊಂಡು ಮೇಲಿನ, ಕೆಳಗಿನ, ಪಕ್ಕದ ಹೊಲದವರ ಹತ್ರ ಕೂತು ಮಾತಾಡಿ. ದೊಡ್ಡಪ್ಪ, ಚಿಕ್ಕಪ್ಪಂದಿರೇ ಆಗಿದ್ರೆ ಇನ್ನೂ ಸುಲಭ, ಅಥವಾ ಇನ್ನೂ ಕಷ್ಟ! ಗಡಿಕಲ್ಲು ಹಾಗೇ ಇರ್ಲಿ. ಮೂರು ನಾಲ್ಕು ಪಟ್ಟಿ ಸೇರಿಸಿ ಕೊನೆಯ ಉಳುಮೆ, ಬಿತ್ತನೆ ಮಾತ್ರ ಅಡ್ಡಲಾಗಿ ಮಾಡೋಣ ಅಂತ ಕೇಳಿ. ನಾಲ್ಕು ಪಟ್ಟಿ ಸೇರಿದ್ರೆ ಅಗಲ 160 ಅಡಿ. ಟ್ರ್ಯಾಕ್ಟರ್ ಆರಾಮಾಗಿ ತಿರುಗುತ್ತೆ. ಬಾಡಿಗೆ ಹಂಚಿಕೊಳ್ಳಿ. ಒಪ್ಪದಿದ್ರೆ ನಿಮ್ಮ ಪಟ್ಟಿಯಲ್ಲೇ ನೂರು ಅಡಿಗೊಂದು ಅಡ್ಡ ಹುಲ್ಲಿನ ಸಾಲು ಹಾಕಿ. ಅಷ್ಟಾದ್ರೂ ಇಳಿಜಾರು ತುಂಡಾಗುತ್ತೆ.

ಮೂರು, ಜಮೀನು ಮಾಡ್ತಾ ಇರೋವರ ಹತ್ರ ಬರೀ ಎಷ್ಟು ಮೂಟೆ, ಎಷ್ಟು ದುಡ್ಡು ಅಂತ ಕೇಳಬೇಡಿ. ಬದು ಕಡಿಯಬಾರದು, ಕೂಳೆ ಸುಡಬಾರದು, ಅಡ್ಡ ಉಳಬೇಕು, ಈ ಮೂರು ಮಾತು ಮುಂಚೆಯೇ ಆಗಲಿ. ಅಡ್ಡ ಉಳೋಕೆ ಆಗೋ ಹೆಚ್ಚಿನ ಬಾಡಿಗೆ, ಹುಲ್ಲಿನ ಸಸಿಯ ಖರ್ಚು ನೀವು ಕೊಡಿ. ಮಣ್ಣು ನಿಮ್ಮದು, ಖರ್ಚು ಅವರ ತಲೆಗೆ ಕಟ್ಟೋದು ಸರಿಯಲ್ಲ.

ನಾಲ್ಕು, ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಒಂದು ಸಲ ಹೋಗಿ ಬನ್ನಿ. ಬದು, ಕೃಷಿ ಹೊಂಡ, ಮೇವಿನ ಹುಲ್ಲು, ಸಸಿಗಳಿಗೆ ಆ ವರ್ಷ ಯಾವ ಯೋಜನೆ ಇದೆ ಅಂತ ಕೇಳಿ. ಪಹಣಿ, ಆಧಾರ್ ಜೊತೆಗಿರಲಿ. ಯೋಜನೆಗಳ ಹೆಸರು ಬದಲಾಗ್ತಾ ಇರುತ್ತೆ, ಕೇಳೋ ಜಾಗ ಅದೇ. ಯೋಜನೆಯಲ್ಲಿ ಬದು ಹಾಕುವಾಗ ನೀವು ಅಥವಾ ಮನೆಯವರು ಯಾರಾದ್ರೂ ಹೊಲದಲ್ಲಿ ಇರಿ, ಗೆರೆ ಮಟ್ಟಕ್ಕಿದೆಯಾ, ಕೋಡಿ ಬಿಟ್ಟಿದ್ದಾರಾ ಅಂತ ನೋಡ್ಕೊಳ್ಳಿ. ಇಲ್ಲದಿದ್ರೆ ಬದು ಫೋಟೋದಲ್ಲಿ ಮಾತ್ರ ಉಳಿಯುತ್ತೆ.

ಬೆಲೆ ಕುಸಿದ್ರೆ ಮುಂದಿನ ವರ್ಷ ಏರಬಹುದು. ಮಳೆ ಕೈಕೊಟ್ರೆ ಮುಂದಿನ ವರ್ಷ ಬರಬಹುದು. ಹೋದ ಮಣ್ಣು ನಮ್ಮ ಕಾಲಕ್ಕೆ, ನಮ್ಮ ಮಕ್ಕಳ ಕಾಲಕ್ಕೆ ವಾಪಸ್ ಬರಲ್ಲ. ಜಮೀನು ಮಾರಬೇಡಿ ಅಂತ ಅಪ್ಪಂದಿರ ಹತ್ರ ಹಟ ಹಿಡಿಯೋ ನಾವು, ಆ ಜಮೀನು ವರ್ಷಕ್ಕೆ ಎಕರೆಗೆ ಎರಡು ಲೋಡಿನಂತೆ ಹಳ್ಳಕ್ಕೆ ಹೋಗ್ತಾ ಇರೋದನ್ನೂ ನೋಡಬೇಕಲ್ವಾ?

ನಿಮ್ಮ ಊರಲ್ಲಿ ಅಡ್ಡ ಉಳುಮೆಗೆ, ಬದುವಿಗೆ, ಹುಲ್ಲಿನ ಸಾಲಿಗೆ ಏನು ಹೆಸರಿದೆ, ಹಿರಿಯರು ಹೇಗೆ ಮಾಡ್ತಿದ್ರು, ವಾಯ್ಸ್ ನೋಟ್ ಮಾಡಿ ಕಳಿಸಿ. ಚೆನ್ನಾಗಿರೋದನ್ನ ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಈ ಸಂಚಿಕೆಯನ್ನ ನಿಮಗಿಂತ ಮುಂಚೆ ನಿಮ್ಮ ಪಕ್ಕದ ಹೊಲದವರಿಗೆ ಫಾರ್ವರ್ಡ್ ಮಾಡಿ. ಮತ್ತೆ ಸಿಗೋಣ, ನಮಸ್ಕಾರ.